ಸುಟ್ಟ ಕೊಟ್ಟಿಗೆ, ಕೊಂದವರ ಹೆಸರು

ಯಾನ್ ಗ್ರಾಸ್ ಅವರ ‘ನೆರೆಹೊರೆಯವರು’ ಎಂಬ ಗ್ರಂಥದ ಮೇಲೆ ನನಗೆ ಎರಡು ಆಕ್ಷೇಪಗಳಿವೆ. ಅವನ್ನು ನಿರ್ವಂಚನೆಯಿಂದ ಹೇಳೋಣವೆಂದು ಕುಳಿತರೆ ಲೇಖನಿ ತಡೆಯುತ್ತದೆ. ಕಾರಣ ಗ್ರಂಥದಲ್ಲಿಲ್ಲ, ಅದಕ್ಕೆ ಆಮೇಲೆ ಒದಗಿದ ಗತಿಯಲ್ಲಿದೆ.

2000ದಲ್ಲಿ ಪೋಲಿಷ್ ಭಾಷೆಯಲ್ಲಿ ಹೊರಬಂದ ಈ ಪುಟ್ಟ ಹೊತ್ತಿಗೆಯ ವಸ್ತು, 1941ರ ಜುಲೈ 10ರಂದು ಪೋಲೆಂಡಿನ ಯೆದ್ವಾಬ್ನೆ ಎಂಬ ಊರಿನಲ್ಲಿ ನಡೆದ ಕೊಲೆ. ಜರ್ಮನರ ವಶದಲ್ಲಿದ್ದ ಆ ಊರಿನ ಯೆಹೂದ್ಯರನ್ನು ಹುಲ್ಲಿನ ಕೊಟ್ಟಿಗೆಯೊಂದಕ್ಕೆ ಅಟ್ಟಿ ಸುಟ್ಟವರು ಅವರ ಪೋಲಿಷ್ ನೆರೆಯವರೇ. ಅಲ್ಲಿದ್ದ ಹಳೆಯ ಕಲ್ಲು ಗೆಸ್ಟಾಪೋವನ್ನು ದೂರುತ್ತಿತ್ತು. 2001ರಲ್ಲಿ ಅದನ್ನು ತೆಗೆದು ಹೊಸ ಕಲ್ಲು ನಿಲ್ಲಿಸಿದರು. ಅದರ ಮೇಲೆ ಸತ್ತವರುಂಟು, ಕೊಂದವರಿಲ್ಲ. ಅಧ್ಯಕ್ಷ ಕ್ವಾಶ್ನ್ಯೆವ್ಸ್ಕಿ ಮಾತ್ರ ಅದೇ ವರ್ಷ ಅಲ್ಲಿಗೆ ಹೋಗಿ ಕ್ಷಮೆ ಬೇಡಿದರು.

ಗ್ರಾಸ್ ಅವರು ಬದುಕುಳಿದವನೊಬ್ಬನ ಹೇಳಿಕೆಯ ಮೇಲೆ ಅತಿಯಾದ ಭಾರ ಹೇರಿದ್ದಾರೆ; ಮಡಿದವರು 1,600 ಎಂದಿದ್ದಾರೆ. ಆ ದಿನ ಅಲ್ಲಿದ್ದ ಜರ್ಮನರನ್ನು ಬೇಗ ದಾಟಿಬಿಟ್ಟಿದ್ದಾರೆ. ಸರಕಾರದ್ದೇ ಆದ ರಾಷ್ಟ್ರೀಯ ಸ್ಮರಣ ಸಂಸ್ಥೆ ತನಿಖೆ ನಡೆಸಿ, ಮಡಿದವರು ಕನಿಷ್ಠ 340 ಎಂದಿತು. ಜರ್ಮನರ ಪ್ರೇರಣೆಯಿದ್ದರೂ ಕೈಮಾಡಿದವರು ಪೋಲರೆಂದು ಒಪ್ಪಿತು. ಪುಸ್ತಕವೊಂದನ್ನು ತಿದ್ದುವ ರೀತಿ ಇದು.

2015ರಲ್ಲಿ ಗದ್ದುಗೆಗೆ ಬಂದವರು ಬೇರೆ ರೀತಿ ಹಿಡಿದರು. ಮೊದಲು ಸಂವಿಧಾನ ನ್ಯಾಯಾಲಯವನ್ನು ಕೈವಶ ಮಾಡಿಕೊಂಡರು. ಮರುವರ್ಷ ನ್ಯಾಯಮಂತ್ರಿಯನ್ನೇ ಪ್ರಾಸಿಕ್ಯೂಟರರ ಮುಖ್ಯಸ್ಥನನ್ನಾಗಿಸಿದರು. ಇಷ್ಟಾದ ಮೇಲೆ 2018ರಲ್ಲಿ ಕಾನೂನು ಬಂತು: ನಾಜಿಗಳ ಅಪರಾಧವನ್ನು ಸತ್ಯಕ್ಕೆ ವಿರುದ್ಧವಾಗಿ ಪೋಲಿಷ್ ಜನಾಂಗದ ಮೇಲೆ ಹೊರಿಸಿದರೆ 3 ವರ್ಷದವರೆಗೆ ಸೆರೆ. ವಿದ್ವತ್ತಿಗೂ ಕಲೆಗೂ ವಿನಾಯಿತಿಯೇನೋ ಇತ್ತು. ಅದನ್ನು ನಂಬಿ ಹಳ್ಳಿಯ ಮೇಷ್ಟರು ಈ ಪಾಠ ಹೇಳಿಯಾರೆ? ಹೊರಗಿನ ಗದ್ದಲಕ್ಕೆ ಅಂಜಿ ಜೂನಿನಲ್ಲಿ ಸೆರೆಯ ಮಾತನ್ನು ಕೈಬಿಟ್ಟರು. 2021ರಲ್ಲಿ ಎಂಗೆಲ್‌ಕಿಂಗ್ ಮತ್ತು ಗ್ರಬೋವ್‌ಸ್ಕಿ ಎಂಬ ಇಬ್ಬರು ಇತಿಹಾಸಕಾರರು ಕ್ಷಮೆ ಕೇಳಬೇಕೆಂದು ವಾರ್ಸಾದ ಒಂದು ನ್ಯಾಯಾಲಯ ವಿಧಿಸಿತು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎಲ್ಲ ನ್ಯಾಯಾಧೀಶರೂ ಬಾಗಿರಲಿಲ್ಲ.

2023ರ ಚುನಾವಣೆಯಲ್ಲಿ ಆ ಪಕ್ಷ ಬಹುಮತ ಕಳೆದುಕೊಂಡಿತು. ಆದರೂ 340 ಎಂಬ ಅಂಕಿಯನ್ನು ಬರೆದೊಡನೆ ನನ್ನ ಪಕ್ಕದಲ್ಲಿ ಪ್ರಾಸಿಕ್ಯೂಟರ್ ಬಂದು ನಿಂತು ತಲೆದೂಗಿದಂತಾಗುತ್ತದೆ. ವಿಮರ್ಶಕನ ತಕರಾರು ಅವನ ಕೈಗೆ ಸಿಕ್ಕರೆ ಆರೋಪಪಟ್ಟಿ. ಹಾಗೆಂದು ನುಂಗಿಕೊಳ್ಳಲೂ ಮನಸ್ಸೊಪ್ಪದು. ಸಂಖ್ಯೆಯಲ್ಲಿ ಗ್ರಾಸ್ ದುಡುಕಿದರು. ಕೊಟ್ಟಿಗೆಗೆ ಬೆಂಕಿಯಿಟ್ಟವರು ಯಾರೆಂಬಲ್ಲಿ ಅವರ ಮಾತೇ ನಿಲ್ಲುತ್ತದೆ.