‘ನರಾವತಾರ’ ಎಂಬ ಪದ: ಒಂದು ವಿವೇಚನೆ

ಔರಾದ ಕಡೆಯ ಎಕಂಬಾದಿಂದ ಭಾಲ್ಕಿಯವರೆಗೆ ಹಬ್ಬಿರುವ ಬೀದರ ಸೀಮೆಯಲ್ಲಿ ‘ವಚನ’ವೆಂಬ ಮಾತಿಗೆ ಎರಡು ಬಳಕೆಗಳುಂಟು. ಮಠದಲ್ಲಿ ಅದು ಶರಣರ ಅನುಭಾವದ ನುಡಿ. ಮೆಥೊಡಿಸ್ಟ್ ಸಭೆಯ ಪ್ರಾರ್ಥನಾಮಂದಿರದಲ್ಲಿ ಬೈಬಲ್ಲಿನ ವಾಕ್ಯ. ಒಂದೇ ಪದವನ್ನಾಡುವ ನೆರೆಹೊರೆಯವರು ಪರಸ್ಪರರ ತತ್ತ್ವವನ್ನು ಅರಿಯಬೇಕಾದರೆ ಪದದ ಹಿಂದಿನ ಅರ್ಥವನ್ನು ಶೋಧಿಸುವುದು ಅವಶ್ಯ. ಅಂತಹ ಶೋಧನೆಯನ್ನು ಬೇಡುವ ಇನ್ನೊಂದು ಪದ ‘ನರಾವತಾರ’.

ಆದಿಯಲ್ಲಿ ದೇವರೊಡನಿದ್ದ ವಾಕ್ಕು ಮನುಷ್ಯನಾಯಿತೆಂಬುದು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ ಸಿದ್ಧಾಂತ. ಗ್ರೀಕ್ ಮೂಲದ ‘ಲೋಗೋಸ್’ ನುಡಿಯೂ ಹೌದು, ವಿವೇಕವೂ ಹೌದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಬೆಳೆದ ಕನ್ನಡ ಬೈಬಲ್ ಪರಂಪರೆಯಲ್ಲಿ, ಪ್ರೊಟೆಸ್ಟೆಂಟರಿಗೆ ಚಿರಪರಿಚಿತವಾದ ಭಾಷಾಂತರವು ಅದನ್ನು ‘ವಾಕ್ಯ’ವೆಂದು ಕರೆದು, ಆ ವಾಕ್ಯದ ಜನ್ಮವನ್ನು ‘ನರಾವತಾರ’ವೆಂದಿತು. ಮೂಲದಲ್ಲಿರುವುದಾದರೋ ‘ಸಾರ್ಕ್ಸ್’, ಎಂದರೆ ಮಾಂಸ.

ಅವತಾರವೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ದಶಾವತಾರದ ಕಲ್ಪನೆ: ಕಾರ್ಯಕ್ಕಾಗಿ ಇಳಿದುಬಂದು, ಅದು ಮುಗಿದೊಡನೆ ರೂಪವನ್ನು ತೊರೆದು, ಯುಗಾಂತರದಲ್ಲಿ ಬೇರೊಂದು ರೂಪ ತಳೆಯುವ ಲೀಲೆ. ಶಿವನನ್ನು ಹುಟ್ಟುಸಾವಿಲ್ಲದವನೆಂದು ನಂಬಿದ ವೀರಶೈವರಿಗೆ ಇದು ಸಮ್ಮತವಲ್ಲ. ಕ್ರೈಸ್ತರು ಹೇಳುವುದೂ ಇದನ್ನಲ್ಲ. ಒಮ್ಮೆ ಮಾತ್ರ ಆದ ಜನನವನ್ನು, ನೋವುಂಡ ನಿಜವಾದ ದೇಹವನ್ನು ಅವರು ಹೇಳುತ್ತಾರೆ. ಅದೇ ಸುವಾರ್ತೆಯಲ್ಲಿ ಯೇಸು ದಣಿದು ಬಾವಿಯ ಬಳಿ ಕುಳಿತುಕೊಳ್ಳುತ್ತಾನೆ, ಮಿತ್ರನ ಸಮಾಧಿಯ ಬಳಿ ಅಳುತ್ತಾನೆ, ಈಟಿಯಿಂದ ತಿವಿಯಲ್ಪಡುತ್ತಾನೆ. ಆ ದೇಹ ತೋರಿಕೆಯದೆಂಬ ವಾದವನ್ನು ಆದಿಕಾಲದ ಸಭೆಯೇ ತಿರಸ್ಕರಿಸಿತು. ಆತನು ಪೂರ್ಣ ದೇವನೂ ಪೂರ್ಣ ಮಾನವನೂ ಹೌದೆಂದು 451ರ ಕಾಲ್ಸೆಡನ್ ಸಮ್ಮೇಳನವು ನಿರ್ಣಯಿಸಿತು.

ಈ ಭೇದವು ಸ್ಪಷ್ಟವಾಗಲು ಪ್ರಭುದೇವರ ಚರಿತ್ರೆ ಸಹಾಯಕವಾಗುತ್ತದೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಖಡ್ಗವು ಅಲ್ಲಮನ ದೇಹದಲ್ಲಿ ಬಯಲನ್ನು ಹಾಯ್ದಂತೆ ಹಾಯುತ್ತದೆ. ಇದು ಮೋಸದ ಕಾಯವಲ್ಲ. ಅಹಂಭಾವವಳಿದು ಬಯಲಾದ ಕಾಯ. ಅಲ್ಲಿ ಆಯುಧಕ್ಕೆ ತಾಗಲು ಏನೂ ಉಳಿದಿಲ್ಲವೆಂಬುದೇ ಸಿದ್ಧಿ. ಕ್ರೈಸ್ತರಿಗಾದರೋ ಆಯುಧ ತಾಗಿತೆಂಬುದೇ ಶ್ರದ್ಧೆಯ ಆಧಾರ. ಚಾಮರಸನ ಪ್ರಭುವನ್ನು ಮಾಯೆ ಮುಟ್ಟಲಾರದು. ಹರಿಹರನ ಅಲ್ಲಮನು, ಕಥೆಗೆ ಕೈಲಾಸದ ಚೌಕಟ್ಟಿದ್ದರೂ, ಕಾಮಲತೆಯನ್ನು ಕಳೆದುಕೊಂಡು ಮನುಷ್ಯನಂತೆಯೇ ಕೊರಗುತ್ತಾನೆ. ದುಃಖವನ್ನರಿತ ಈ ಅಲ್ಲಮನು ಯೋಹಾನನ ಯೇಸುವಿಗೆ ಸಮೀಪನೆನಿಸುವುದು ಸಹಜ. ಆದರೆ ಹಾದಿಗಳು ಎದುರುಬದುರಾಗಿವೆ: ಅಲ್ಲಮನ ನಡೆ ಮಾಂಸದಿಂದ ಬಯಲಿಗೆ, ಯೋಹಾನನ ವಾಕ್ಕಿನ ನಡೆ ಬಯಲಿನಿಂದ ಮಾಂಸಕ್ಕೆ.

ಇನ್ನೊಂದು ಅಂತರವೂ ಗಮನಾರ್ಹ. ಲಿಂಗಾಂಗ ಸಾಮರಸ್ಯವು ಗುರುವಿನಿಂದ ಇಷ್ಟಲಿಂಗ ಪಡೆದ ಪ್ರತಿಯೊಬ್ಬ ಸಾಧಕನಿಗೂ ತೆರೆದ ಹಾದಿ. ಕ್ರೈಸ್ತ ಸಿದ್ಧಾಂತದಲ್ಲಿ ವಾಕ್ಕು ಮಾನವನಾದುದು ಏಕೈಕ ವ್ಯಕ್ತಿಯಲ್ಲಿ. ಉಳಿದವರು ಅವನ ಕೃಪೆಯಲ್ಲಿ ಪಾಲುಗೊಳ್ಳುವವರು.

ಆದಕಾರಣ ‘ನರಾವತಾರ’ವು ಸುಲಭವಾಗಿ ಒಳಗೆ ಬಿಡುವ ಬಾಗಿಲೇ ಆದರೂ ತಪ್ಪು ಮನೆಗೆ ಕರೆದೊಯ್ಯುವ ಬಾಗಿಲು. ಪರಿಚಿತ ಪದವನ್ನಾಯ್ದ ಅನುವಾದಕರ ಔದಾರ್ಯವನ್ನು ಮೆಚ್ಚಬೇಕು. ಆ ಪದ ಮುಚ್ಚಿಟ್ಟ ಗಾಯವನ್ನೂ ಕಾಣಬೇಕು. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆಂದು ಅವಸರದಿಂದ ಸಾರುವುದಕ್ಕಿಂತ, ನೆರೆಯವನು ಏನನ್ನು ನಂಬಿದ್ದಾನೆಂದು ಅವನ ಮಾತಿನಲ್ಲಿಯೇ ತಿಳಿಯುವುದು ಹೆಚ್ಚಿನ ಗೌರವ. ನುಡಿ ನಡೆಯಾಗಬೇಕೆಂದ ಶರಣರ ನಾಡಿಗೆ ಅದೇ ತಕ್ಕ ನಡೆ.