ಡಂಕರ್ಕ್ ಮತ್ತು ‘ಹಾಗಾಗಿದ್ದರೆ’ ಎಂಬ ವಾದ

ಎರಡನೆಯ ಮಹಾಯುದ್ಧವನ್ನು ಕುರಿತು ‘ಹೀಗಾಗದೆ ಹಾಗಾಗಿದ್ದರೆ?’ ಎಂದು ಕೇಳುವ ಬರಹಗಳು ಹೇರಳವಾಗಿವೆ. ಚರಿತ್ರಕಾರರು ಬಹುಮಟ್ಟಿಗೆ ಇವನ್ನು ಮೂಸಿಯೂ ನೋಡುವುದಿಲ್ಲ. ಇ. ಎಚ್. ಕಾರ್ 1961ರ ತನ್ನ ಕೇಂಬ್ರಿಜ್ ಉಪನ್ಯಾಸಗಳಲ್ಲಿ ಇಂಥ ಊಹೆಗಳನ್ನು ಹೊತ್ತು ಕಳೆಯುವ ಆಟವೆಂದು ಬದಿಗೆ ಸರಿಸಿದನು. ಆದರೆ ಯಾವುದೊಂದನ್ನು ಕಾರಣವೆಂದು ಹೇಳಿದೊಡನೆಯೇ, ಅದಿಲ್ಲದಿದ್ದರೆ ಫಲ ಬೇರೆಯಾಗುತ್ತಿತ್ತೆಂದು ಒಪ್ಪಿದಂತಾಗುತ್ತದೆ. ಮ್ಯಾಕ್ಸ್ ವೇಬರ್ 1906ರಲ್ಲಿಯೇ ಮ್ಯಾರಥಾನ್ ಕದನದ ನಿದರ್ಶನದಿಂದ ಇದನ್ನು ವಿಶದಪಡಿಸಿದ್ದನು. ‘ಡಂಕರ್ಕ್ ಬ್ರಿಟನ್ನನ್ನು ಉಳಿಸಿತು’ ಎಂದು ಬರೆಯುವವನೂ ಊಹೆಯನ್ನೇ ಮಾಡುತ್ತಿರುತ್ತಾನೆ; ಅದು ಅವನಿಗೆ ತಿಳಿದಿರುವುದಿಲ್ಲ, ಅಷ್ಟೆ. ತರಗತಿಯಲ್ಲಿ ಹಲವು ವರ್ಷ ಆ ವಾಕ್ಯವನ್ನೇ ಹೇಳಿಕೊಂಡು ಬಂದವರಲ್ಲಿ ಈ ಲೇಖಕನೂ ಒಬ್ಬನು.

ಈ ಬರಹಗಳ ದೋಷವಿರುವುದು ಊಹಿಸುವುದರಲ್ಲಲ್ಲ, ತಪ್ಪು ಸ್ಥಳದಲ್ಲಿ ಊಹಿಸುವುದರಲ್ಲಿ. ಜರ್ಮನರು ಕಡಲ್ಗಾಲುವೆಯನ್ನು ದಾಟಿ ಇಂಗ್ಲೆಂಡಿನಲ್ಲಿ ಇಳಿದಿದ್ದರೆ ಎಂಬ ಕಥೆ ಎಲ್ಲಕ್ಕಿಂತ ಜನಪ್ರಿಯವಾದುದು. ಹಿಟ್ಲರನು ಇದಕ್ಕೆ ಅಪ್ಪಣೆಯಿತ್ತದ್ದು 1940ರ ಜುಲೈ 16ರಂದು. ಸೆಪ್ಟೆಂಬರ್ 17ರಂದು ಅದನ್ನು ಅನಿರ್ದಿಷ್ಟವಾಗಿ ಮುಂದೂಡಿದನು. ನಾರ್ವೆಯ ದಂಡಯಾತ್ರೆಯಲ್ಲಿ ಅವನ ನೌಕಾಬಲ ಆಗಲೇ ನುಗ್ಗಾಗಿತ್ತು. ನಾರ್ವಿಕ್ ಒಂದರಲ್ಲಿಯೇ 10 ಡಿಸ್ಟ್ರಾಯರುಗಳು ಹೋದವು. ಸೈನಿಕರನ್ನು ಸಾಗಿಸಲು ಕೂಡಿಸಿದ 2,000ಕ್ಕೂ ಮೇಲ್ಪಟ್ಟ ದೋಣಿಗಳಲ್ಲಿ ಬಹುಪಾಲು ನದಿಗಳಲ್ಲಿ ಸರಕು ಹೊರುತ್ತಿದ್ದ ಚಪ್ಪಟೆ ತಳದವು. 1974ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ಈ ಆಕ್ರಮಣವನ್ನು ಯುದ್ಧಕ್ರೀಡೆಯಾಗಿ ಆಡಿಸಿ ನೋಡಿದರು. ತೀರ್ಪುಗಾರರಲ್ಲಿ ಗ್ಯಾಲಂಡ್, ರೂಗೆ ಎಂಬ ಜರ್ಮನ್ ಸೇನಾನಿಗಳೂ ಇದ್ದರು. ಮೊದಲ ದಳಗಳು ದಡ ಸೇರಿದವು. ಬಳಿಕ ಬ್ರಿಟಿಷ್ ನೌಕಾಪಡೆ ಹಿಂದಿನ ದಾರಿಯನ್ನು ಕತ್ತರಿಸಲು ಇಳಿದವರು ಸರಬರಾಜಿಲ್ಲದೆ ಸೋತರು. ಇಷ್ಟಾದ ಮೇಲೂ ಲಂಡನ್ನಿನ ಬೀದಿಯಲ್ಲಿ ಜರ್ಮನ್ ಧ್ವಜ ಹಾರಿಸುವ ಕಾದಂಬರಿಗಳು ನಿಂತಿಲ್ಲ. ಓದುವುದಕ್ಕೆ ಅವು ರುಚಿಯಾಗಿಯೇ ಇರುತ್ತವೆ.

ಹೆಚ್ಚು ವಿಚಾರಣೀಯವಾದುದು ಡಂಕರ್ಕಿನ ಪ್ರಶ್ನೆ. ಮೇ 24ರಂದು ಜರ್ಮನ್ ಟ್ಯಾಂಕುಗಳಿಗೆ ನಿಲ್ಲಬೇಕೆಂಬ ಅಪ್ಪಣೆಯಾಯಿತು. 26ರಂದು ಅದು ರದ್ದಾಯಿತು. ಟ್ಯಾಂಕುಗಳು ನಿಲ್ಲದೆ ಬ್ರಿಟಿಷ್ ಸೈನ್ಯ ಸೆರೆಸಿಕ್ಕಿದ್ದರೆ ಬ್ರಿಟನ್ ಸಂಧಿಗೆ ಬರಲೇಬೇಕಾಗುತ್ತಿತ್ತು ಎಂಬುದು ರೂಢವಾದ ವಾದ. ನಿಯಲ್ ಫರ್ಗೂಸನ್ 1997ರಲ್ಲಿ ಸಂಪಾದಿಸಿದ ಗ್ರಂಥದ ಪೀಠಿಕೆಯಲ್ಲಿ ಒಂದು ನಿಯಮವನ್ನು ಸೂಚಿಸಿದ್ದಾನೆ: ಆ ಕಾಲದವರು ತಾವೇ ಆಲೋಚಿಸಿದ, ದಾಖಲೆಗಳಲ್ಲಿ ಉಳಿದಿರುವ ಪರ್ಯಾಯಗಳನ್ನು ಮಾತ್ರ ಪರಿಗಣಿಸಬೇಕು. ಆ ನಿಯಮವನ್ನು ಇಲ್ಲಿಗೆ ಅನ್ವಯಿಸಿದರೆ ನಮ್ಮ ದೃಷ್ಟಿ ಸಮುದ್ರತೀರವನ್ನು ಬಿಟ್ಟು ಮಂತ್ರಾಲೋಚನೆಯ ಮೇಜಿನ ಕಡೆಗೆ ಹೊರಳುತ್ತದೆ.

ಮೇ 26ರಿಂದ 28ರವರೆಗೆ ಐವರು ಸದಸ್ಯರ ಯುದ್ಧ ಮಂತ್ರಿಮಂಡಲದಲ್ಲಿ ಇದೇ ಪ್ರಶ್ನೆ ಚರ್ಚೆಯಾಯಿತು. ಇಟಲಿಯ ಮಧ್ಯಸ್ಥಿಕೆಯಿಂದ ಯಾವ ಷರತ್ತುಗಳು ದೊರೆಯಬಹುದೆಂದು ವಿಚಾರಿಸಬೇಕೆಂಬುದು ಹ್ಯಾಲಿಫ್ಯಾಕ್ಸನ ಪಕ್ಷ, ಕೂಡದೆಂಬುದು ಚರ್ಚಿಲ್ಲನದು. 28ರ ಸಂಜೆ ಚರ್ಚಿಲ್ಲನ ಪಕ್ಷ ಗೆದ್ದಿತು. ಅಂದಿನ ದಿನ ಮುಗಿಯುವ ಹೊತ್ತಿಗೂ ಡಂಕರ್ಕಿನಿಂದ ಪಾರಾಗಿದ್ದವರು 25,000ಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಆರಂಭದ ನಿರೀಕ್ಷೆಯಿದ್ದುದು ಸುಮಾರು 45,000ದಷ್ಟು. ಜೂನ್ 4ರ ವೇಳೆಗೆ 3,38,226 ಮಂದಿ ದಾಟಿದ್ದು ಆ ಮೇಜಿನ ಸುತ್ತ ಕುಳಿತವರಿಗೆ ಕಾಣದ ಸಂಗತಿ. ಎಂದರೆ, ಸೈನ್ಯದ ಬಹುಭಾಗ ಕೈಬಿಟ್ಟುಹೋಯಿತೆಂಬ ಭಯದ ನಡುವೆಯೇ ಸಂಧಿ ಬೇಡವೆಂಬ ತೀರ್ಮಾನವಾಯಿತು. ‘ಸೈನ್ಯ ಹೋಗಿದ್ದರೆ ಸಂಧಿ’ ಎಂಬ ಸರಳ ಸಮೀಕರಣ ಇಲ್ಲಿ ಸಡಿಲಗೊಳ್ಳುತ್ತದೆ.

ಪೂರ್ತಿಯಾಗಿ ಬಿದ್ದುಹೋಗುತ್ತದೆ ಎನ್ನಲಾಗದು. ನಷ್ಟವಾದೀತೆಂಬ ಅಂಜಿಕೆ ಬೇರೆ, ಎರಡು ಲಕ್ಷ ಮನೆಗಳಿಗೆ ಸೆರೆಯ ಸುದ್ದಿ ತಲಪುವುದು ಬೇರೆ. ಮೇ ತಿಂಗಳ ತೀರ್ಮಾನವನ್ನು ಜೂನಿನಲ್ಲಿ ಮತ್ತೆ ಕೆದಕಬಹುದಾಗಿತ್ತು. ಫ್ರಾನ್ಸ್ ಬಿದ್ದ ಮೇಲಂತೂ ಕೆದಕುವವರಿಗೆ ನೆಪ ಬೇಕಿರಲಿಲ್ಲ. ನನ್ನ ಆಕ್ಷೇಪವಿರುವುದು ‘ಬರಲೇಬೇಕಾಗುತ್ತಿತ್ತು’ ಎಂಬ ಕ್ರಿಯಾಪದಕ್ಕೆ.

ಈ ಸಾಹಿತ್ಯದಲ್ಲಿ ನಾನು ಓದಿದಷ್ಟರಲ್ಲಿ, ಸಂಧಿಯಾಗಿದ್ದರೆ ಭಾರತದ ಗತಿಯೇನೆಂದು ಕೇಳುವವರು ವಿರಳ. ಹ್ಯಾಲಿಫ್ಯಾಕ್ಸನೆಂದರೆ 1926ರಿಂದ 1931ರವರೆಗೆ ಇಲ್ಲಿ ವೈಸರಾಯನಾಗಿದ್ದು ಗಾಂಧೀಜಿಯೊಡನೆ ಒಪ್ಪಂದಕ್ಕೆ ರುಜು ಹಾಕಿದ ಅರ್ವಿನ್ನನೇ. 1939ರ ಸೆಪ್ಟೆಂಬರ್ 3ರಂದು ಭಾರತೀಯ ನಾಯಕರನ್ನು ಒಂದು ಮಾತೂ ಕೇಳದೆ ಲಿನ್‌ಲಿತ್‌ಗೋ ನಮ್ಮನ್ನು ಯುದ್ಧಕ್ಕೆ ಸೇರಿಸಿದನು. 1940ರ ಮೇ ತಿಂಗಳಲ್ಲಿ ಆ ಐವರು ಸಂಧಿಯನ್ನೇ ಆರಿಸಿಕೊಂಡಿದ್ದರೂ ಅದನ್ನು ನಾವು ಕೇಳಿ ತಿಳಿಯುತ್ತಿದ್ದುದು ರೇಡಿಯೋದಿಂದಲೇ.