ಮೂರನೇ ಸ್ಟಾರಿನ ಆಸೆ

ರಾತ್ರಿ ಹನ್ನೊಂದೂವರೆ. ಅಮೆರಿಕದ ಟೀಮಿನ ಜೊತೆ ಕಾಲ್ ಇನ್ನೂ ಮುಗಿದಿಲ್ಲ, ನಾನು ಮ್ಯೂಟ್‌ನಲ್ಲಿದ್ದೇನೆ. ಪಕ್ಕದ ಟ್ಯಾಬಿನಲ್ಲಿ ಒಬ್ಬ ಬೈಕ್ ಸವಾರ ಮಂಜಿನ ಗುಡ್ಡದಿಂದ ಹಾರಿ, ಗಾಳಿಯಲ್ಲೊಂದು ಲಾಗ ಹಾಕಿ, ತಲೆಕೆಳಗಾಗಿ ಬಿದ್ದು ಸತ್ತ. ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಮತ್ತೆ ಹೊರಟ. ಸತ್ತದ್ದಕ್ಕೆ ಅವನಿಗೆ ಬೇಜಾರಿಲ್ಲ. ಬೇಜಾರು ನನಗೆ.

ಆಟದ ಹೆಸರು ಮೋಟೋ ಎಕ್ಸ್3ಎಂ ವಿಂಟರ್. ಬ್ರೌಸರಿನಲ್ಲೇ ಆಡಬಹುದು, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಇರುವುದು ನಾಲ್ಕೇ ಬಾಣದ ಕೀಲಿ. ಮೇಲಿನದು ಆಕ್ಸಿಲರೇಟರ್, ಕೆಳಗಿನದು ಬ್ರೇಕ್, ಎಡ ಬಲದವು ಬೈಕನ್ನು ಹಿಂದಕ್ಕೋ ಮುಂದಕ್ಕೋ ವಾಲಿಸಲು. ಎರಡು ನಿಮಿಷದಲ್ಲಿ ಯಾರು ಬೇಕಾದರೂ ಕಲೀತಾರೆ. ಚೆನ್ನಾಗಿ ಆಡೋಕೆ ನನಗೆ ಮೂರು ವಾರ ಬೇಕಾಯ್ತು.

ಮೊದಲ ವಾರ ಎಲ್ಲರಂತೆ ನಾನೂ ಆಕ್ಸಿಲರೇಟರ್ ಒತ್ತಿ ಹಿಡಿದೇ ಆಡಿದೆ. ಸತ್ತೆ, ಸತ್ತೆ, ಸತ್ತೆ. ಆಮೇಲೆ ಗೊತ್ತಾಯ್ತು, ಈ ಆಟದ ಗುಟ್ಟು ಕೀಲಿ ಒತ್ತುವುದರಲ್ಲಿಲ್ಲ, ಬಿಡುವುದರಲ್ಲಿದೆ. ಏರಿನ ತುದಿ ಮುಟ್ಟುವ ಮೊದಲೇ ಕೈ ಬಿಟ್ಟರೆ ಬೈಕು ಎತ್ತರಕ್ಕೆ ಹಾರದೆ ನೆಲಕ್ಕೆ ಹತ್ತಿರವಾಗೇ ಸಾಗುತ್ತೆ. ಗಾಳಿಯಲ್ಲಿ ಕಳೆದ ಸಮಯ ಪುಕ್ಕಟೆ ಅಲ್ಲ, ಅಲ್ಲಿ ಚಕ್ರ ತಿರುಗಿದರೂ ವೇಗ ಹೆಚ್ಚೋದಿಲ್ಲ. ಇಳಿಯುವಾಗ ಎರಡೂ ಚಕ್ರ ಇಳಿಜಾರಿಗೆ ಸಮನಾಗಿ ಕೂತರೆ ವೇಗ ಉಳಿಯುತ್ತೆ. ಮುಂದಿನ ಚಕ್ರ ಮೊದಲು ತಾಗಿದರೆ ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಹಾಗಂತ ಹಾರಲೇಬಾರದು ಅಂತಲ್ಲ. ಒಂದು ಪೂರ್ತಿ ಲಾಗ ಹಾಕಿ ನೆಟ್ಟಗೆ ಇಳಿದರೆ ಗಡಿಯಾರದಿಂದ ಒಂದಿಷ್ಟು ಸಮಯ ಕಳೆಯುತ್ತಾರೆ. ಅಂದರೆ ಶೋಕಿಗೂ ಇಲ್ಲಿ ಬೆಲೆ ಇದೆ. ಎಲ್ಲಿ ಲಾಗ, ಎಲ್ಲಿ ಸಂಯಮ ಅನ್ನೋ ಈ ಲೆಕ್ಕಾಚಾರವೇ ಆಟದ ಜೀವ.

ಈ ವಿದ್ಯೆ ಹೊಸದೇನಲ್ಲ. 1984ರಲ್ಲಿ ನಿಂಟೆಂಡೊ ತಂದ 'ಎಕ್ಸೈಟ್‌ಬೈಕ್'ನಲ್ಲೂ ಗಾಳಿಯಲ್ಲಿ ಬೈಕ್ ವಾಲಿಸಿ ಸರಿಯಾಗಿ ಇಳಿಸಬೇಕಿತ್ತು. ಅಲ್ಲಿ ಟರ್ಬೊ ಒತ್ತಿಯೇ ಹಿಡಿದರೆ ಎಂಜಿನ್ ಕಾದು ನಿಂತುಬಿಡುತ್ತಿತ್ತು, ಆತುರಗಾರನಿಗೆ ಶಿಕ್ಷೆ ಯಂತ್ರದಿಂದಲೇ ಬರುತ್ತಿತ್ತು. 2000ದಲ್ಲಿ ಹಂಗೇರಿಯ ಬಲಾಜ್ ರೋಜಾ ತಂದ 'ಎಲಾಸ್ಟೊ ಮೇನಿಯಾ'ದಲ್ಲಿ ಸೇಬು ತಿಂದು ಹೂವು ಮುಟ್ಟಬೇಕು, ತಲೆ ನೆಲಕ್ಕೆ ತಾಗಿದರೆ ಆಟ ಖಲಾಸ್. ಮೋಟೋ ಎಕ್ಸ್3ಎಂ ಇದೇ ವಂಶದ ಕುಡಿ, ಆದರೆ ಅವೆರಡಕ್ಕಿಂತ ಕರುಣಾಳು. ದಾರಿಯುದ್ದಕ್ಕೂ ಚೆಕ್‌ಪಾಯಿಂಟ್‌ಗಳಿವೆ. ಸತ್ತರೆ ಹಿಂದಿನ ಚೆಕ್‌ಪಾಯಿಂಟಿನಿಂದ ಎದ್ದು ಹೊರಡಬಹುದು. ಗಡಿಯಾರ ಮಾತ್ರ ನಿಲ್ಲೋದಿಲ್ಲ.

ನನ್ನ ಮೊದಲ ತಕರಾರು 'ವಿಂಟರ್' ಅನ್ನೋ ಹೆಸರಿನ ಬಗ್ಗೆ. ಹಿಮ ಇದೆ, ಹಿಮಮಾನವ ಇದ್ದಾನೆ, ಕ್ರಿಸ್ಮಸ್ ಅಲಂಕಾರ ಇದೆ. ಆದರೆ ಚಕ್ರ ಜಾರೋದಿಲ್ಲ ಕಣ್ರೀ! ಮಾಮೂಲಿ ಮೋಟೋ ಎಕ್ಸ್3ಎಂ ಆಡಿ ಬಂದ ನನ್ನ ಕೈಗೆ ಒಂಚೂರೂ ವ್ಯತ್ಯಾಸ ಗೊತ್ತಾಗಲಿಲ್ಲ. ಮಳೆ ನಿಂತ ಮೇಲೆ ಬೆಂಗಳೂರಿನ ಯಾವುದೋ ಫ್ಲೈಓವರ್ ಇಳಿಯುವಾಗ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಸರಿದ ಅನುಭವ ಇರುವವರಿಗೆ ಗೊತ್ತು, ಜಾರುವ ನೆಲ ಅಂದರೆ ಏನು ಅಂತ. ಆ ಭಯ ಇಲ್ಲಿಲ್ಲ. ಈ ಚಳಿಗಾಲ ಬರೀ ಸುಣ್ಣ ಬಣ್ಣ.

ಎರಡನೇ ತಕರಾರು ದೊಡ್ಡದು, ಅದು ಸ್ಟಾರ್‌ಗಳದ್ದು. ಲೆವೆಲ್ ಬೇಗ ಮುಗಿಸಿದರೆ ಮೂರು ಸ್ಟಾರ್, ತಡವಾದರೆ ಎರಡು, ಇಲ್ಲಾ ಒಂದು. ಮೂರರ ಆಸೆ ಹತ್ತಿದ ಮೇಲೆ ಚೆಕ್‌ಪಾಯಿಂಟ್ ಅನ್ನೋದೇ ಲೆಕ್ಕಕ್ಕಿಲ್ಲ. ಒಂದು ಸಲ ಬಿದ್ದರೂ ಸಮಯ ಹೋಯ್ತು, ಆದ್ದರಿಂದ ನೇರ ರೀಸ್ಟಾರ್ಟ್. ಆಟ ಕೊಟ್ಟ ಕರುಣೆಯನ್ನು ಆಟದ ಬಹುಮಾನವೇ ಕಿತ್ತುಕೊಳ್ಳುತ್ತೆ. ಒಂದು ಸಂಜೆ ಒಂದೇ ಲೆವೆಲ್ಲಿನ ಮೊದಲ ಹತ್ತು ಸೆಕೆಂಡು ಎಷ್ಟು ಸಲ ಆಡಿದೆನೋ ದೇವರಿಗೇ ಗೊತ್ತು. ಕೊನೆಗೂ ಫಿನಿಶ್ ಗೆರೆ ನೋಡಲಿಲ್ಲ.

ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ, ಒಂಬತ್ತು ವರ್ಷ. "ಮಾಮ, ಯಾಕೆ ಯಾವಾಗ್ಲೂ ಮೊದಲಿಂದ ಶುರು ಮಾಡ್ತೀಯ? ಮುಂದೆ ಏನಿದೆ ಅಂತ ನೋಡೋದೇ ಇಲ್ವಾ?" ಅಂದ. ಲ್ಯಾಪ್‌ಟಾಪ್ ಕಸಿದುಕೊಂಡು ತಾನೇ ಆಡಿದ. ಏಳೋ ಎಂಟೋ ಸಲ ಸತ್ತ, ಪ್ರತಿ ಸಲವೂ ನಕ್ಕ. ಒಂದೇ ಸ್ಟಾರ್ ಬಂತು. "ಆಯ್ತು!" ಅಂತ ಕೂಗಿ ಮುಂದಿನ ಲೆವೆಲ್ಲಿಗೆ ಹೋದ. ನಾನು ಮೂರು ವಾರದಲ್ಲಿ ನೋಡದೇ ಇದ್ದ ಲೆವೆಲ್ಲುಗಳನ್ನು ಅವನು ಒಂದು ಗಂಟೆಯಲ್ಲಿ ನೋಡಿಬಿಟ್ಟ.

ಅವನ ಪ್ರಶ್ನೆ ಆಟಕ್ಕಷ್ಟೇ ನಿಲ್ಲಲಿಲ್ಲ. ನನ್ನ ಡೆಸ್ಕ್‌ಟಾಪಿನಲ್ಲಿ 'ರೆಸ್ಯೂಮೆ ಫೈನಲ್ 7' ಅಂತ ಒಂದು ಫೈಲಿದೆ. ಕೆಲಸ ಬದಲಿಸಬೇಕು ಅಂತ ತೀರ್ಮಾನಿಸಿ ಎಂಟು ತಿಂಗಳಾಯ್ತು. ಪ್ರತಿ ಭಾನುವಾರ ಅದನ್ನು ತೆಗೀತೀನಿ, ಮೊದಲ ಪ್ಯಾರಾ ತಿದ್ದುತೀನಿ, ಸರಿ ಬರಲಿಲ್ಲ ಅಂತ ಮೊದಲಿಂದ ಶುರು. ಯಾರಿಗೂ ಕಳಿಸಿಲ್ಲ. ಅಪ್ರೈಸಲ್ಲಿನಲ್ಲಿ ರೇಟಿಂಗ್, ಕ್ಯಾಬ್ ಇಳಿದ ಮೇಲೆ ರೇಟಿಂಗ್, ಊಟ ತರಿಸಿದರೂ ರೇಟಿಂಗ್. ಸ್ಟಾರ್ ಎಣಿಸಿ ಎಣಿಸಿ, ಒಂದು ಸ್ಟಾರಿನಲ್ಲೂ ಗೆರೆ ದಾಟಬಹುದು ಅನ್ನೋದೇ ಮರೆತುಹೋಗಿದೆ.

ಹಾಗಾದರೆ ಆಟ ಆಡಬೇಕೋ ಬೇಡವೋ? ಆಡಿ. ಆದರೆ ಮೊದಲ ಸುತ್ತಿನಲ್ಲಿ ರೀಸ್ಟಾರ್ಟ್ ಮುಟ್ಟಬೇಡಿ. ಬಿದ್ದು ಎದ್ದು ಎಲ್ಲ ಲೆವೆಲ್ಲೂ ನೋಡಿ ಮುಗಿಸಿ, ಆಮೇಲೆ ಬೇಕಿದ್ದರೆ ಸ್ಟಾರ್ ಹಿಂದೆ ಹೋಗಿ. ದಾರಿ ಪೂರ್ತಿ ಗೊತ್ತಿದ್ದವನಿಗೆ ಮಾತ್ರ ಎಲ್ಲಿ ಕೈ ಬಿಡಬೇಕು ಅಂತ ತಿಳಿಯೋದು. ಮೂರು ವಾರ ಕಳೆದುಕೊಂಡು ಕಲಿತ ಮಾತಿದು.

ಆ ಫೈಲನ್ನು ಮೊನ್ನೆ ಕಳಿಸಿದೆ. ಎರಡನೇ ಪುಟದಲ್ಲೊಂದು ಸ್ಪೆಲ್ಲಿಂಗ್ ತಪ್ಪಿತ್ತು, ಕಳಿಸಿದ ಮೇಲೆ ಕಂಡಿತು. ಉತ್ತರ ಇನ್ನೂ ಬಂದಿಲ್ಲ.